ಬೆಟ್ಟವೇ ದೇವರು: ಜಪಾನಿನ ಓಮಿವಾ ದೇಗುಲ

ನಾರಾ ಪ್ರಾಂತ್ಯದ ಸಕುರಾಯಿ ಊರಿನ ಓಮಿವಾ ದೇಗುಲಕ್ಕೆ ಹೋದವರು ಗರ್ಭಗುಡಿ ಹುಡುಕಬೇಡಿ, ಇಲ್ಲಿ ಅದಿಲ್ಲ. ಹಿಂದೆ ನಿಂತಿರುವ 467 ಮೀಟರ್ ಎತ್ತರದ ಮಿವಾ ಬೆಟ್ಟವೇ ದೇವರು. 1664ರಲ್ಲಿ ಕಟ್ಟಿದ ಪ್ರಾರ್ಥನಾ ಮಂಟಪದಲ್ಲಿ ನಿಂತು ಬೆಟ್ಟದ ಕಡೆಗೇ ಕೈ ಮುಗಿಯುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಂಗಳದ ಹಳೆಯ ದೇವದಾರು ಮರ. ಇಲ್ಲಿನ ದೇವರಿಗೆ ಹಾವಿನ ರೂಪವೂ ಇದೆ, ಬಿಳಿ ಹಾವು ಈ ಮರದಲ್ಲಿ ವಾಸ ಅನ್ನೋದು ನಂಬಿಕೆ. ಬುಡದಲ್ಲಿ ಕೋಳಿಮೊಟ್ಟೆ, ಪಕ್ಕದಲ್ಲಿ ಸಾಕೆ ಅನ್ನೋ ಅಕ್ಕಿ ಮದ್ಯದ ಬಾಟಲಿ. ಒಬ್ಬ ಅಜ್ಜಿ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟು, ಎರಡು ಸಲ ಚಪ್ಪಾಳೆ ತಟ್ಟಿ, ಕಣ್ಣು ಮುಚ್ಚಿ ತುಂಬಾ ಹೊತ್ತು ನಿಂತರು. ನಮ್ಮೂರ ನಾಗಬನದಲ್ಲಿ ಅಮ್ಮ ಹಾಲೆರೆದು ನಿಲ್ಲುತ್ತಿದ್ದದ್ದೂ ಹೀಗೇ ಅಲ್ವಾ. ಕಣ್ಣು ತುಂಬಿ ಬಂತು.

ಬೆಟ್ಟ ಹತ್ತಲು ಪಕ್ಕದ ಸಾಯಿ ದೇಗುಲದಲ್ಲಿ ಹೆಸರು ಬರೆಸಬೇಕು. 300 ಯೆನ್ ಕೊಟ್ಟರೆ ಗಂಟೆ ಕಟ್ಟಿದ ಬಿಳಿ ಪಟ್ಟಿ ಕೊಡುತ್ತಾರೆ. ಅದನ್ನು ಕೊರಳಿಗೆ ಹಾಕಿಕೊಂಡೇ ನಡೆಯಬೇಕು. ಮೇಲೆ ಫೋಟೋ ಇಲ್ಲ, ತಿಂಡಿ ಇಲ್ಲ. ಹೆಜ್ಜೆಗೊಮ್ಮೆ ಸಣ್ಣಗೆ ಗಂಟೆ, ಅಷ್ಟೇ. ಮೊಬೈಲ್ ಇಲ್ಲದೆ ಕಾಡು ನೋಡಿದ್ದು ಎಷ್ಟು ವರ್ಷವಾಗಿತ್ತೋ! ದಾರಿ ಕಡಿದಾಗಿದೆ, ಮಂಡಿನೋವು ಇರುವವರು ಕೆಳಗೇ ಇರಿ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಹತ್ತಲು ಬಿಡುವುದಿಲ್ಲ.

ಮಿವಾ ರೈಲು ನಿಲ್ದಾಣದಿಂದ ಸುಮ್ನೆ ಐದು ನಿಮಿಷದ ನಡಿಗೆ. ಬೆಟ್ಟ ಇಳಿದ ಮೇಲೆ ಇಲ್ಲಿನ ಪ್ರಸಿದ್ಧ ಸೋಮೆನ್ ನೂಡಲ್ಸ್ ತಿನ್ನಿ, ನಮ್ಮ ಶಾವಿಗೆಯಷ್ಟೇ ತೆಳು.