ಬಲ ಮಂಡಿಗೆ ಒಂದು, ಎಡ ಮಂಡಿಗೆ ಇನ್ನೊಂದು: ಯಾವುದು ಉಪಯೋಗಕ್ಕೆ ಬಂತು?

ಆಪರೇಷನ್ ಮಾಡಿಸಿ ನನ್ನ ಎರಡೂ ಮಂಡಿ ಬದಲಾಯಿಸಿಕೊಂಡಿದ್ದೇನೆ. ಮೊದಲು ಬಲಗಾಲು, ಒಂದು ವರ್ಷ ಕಳೆದ ಮೇಲೆ ಎಡಗಾಲು. ಸರ್ಜನ್ ಒಬ್ಬರೇ, ಮನೆಯೂ ಅದೇ, ಮೈಸೂರಿನ ಹಳೇ ಮನೆ. ಆದರೆ ಮಾಡಿಕೊಂಡ ತಯಾರಿ, ಬಳಸಿದ ಸಾಮಾನು ಎರಡು ಸಲವೂ ಬೇರೆ ಬೇರೆ. ಹೋಲಿಸಿ ನೋಡೋದಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು, ಎರಡು ಕಾಲೂ ಒಂದೇ ಮೈಯಲ್ಲಿವೆಯಲ್ಲ! ಮಾತ್ರೆ, ಡೋಸ್ ವಿಷಯ ನಿಮ್ಮ ಡಾಕ್ಟರಿಗೇ ಬಿಟ್ಟಿದ್ದು. ನಾನು ಹೇಳುವುದು ಮನೆಯೊಳಗಿನ ಸಂಗತಿ.

ಎರಡೂ ಒಟ್ಟಿಗೋ, ಒಂದೊಂದಾಗಿಯೋ

ನಮ್ಮಕ್ಕ ಎರಡು ಮಂಡಿಯನ್ನೂ ಒಂದೇ ಸಲ ಮಾಡಿಸಿಕೊಂಡಳು. ಒಂದೇ ಸಲ ಆಸ್ಪತ್ರೆ, ಒಂದೇ ಅನಸ್ತೇಶಿಯಾ, ಒಂದೇ ಸಲ ಮಗಳು ರಜಾ ಹಾಕಿದರೆ ಆಯ್ತು. ಖರ್ಚೂ ಒಟ್ಟು ಲೆಕ್ಕದಲ್ಲಿ ಕಡಿಮೆ. ಆದರೆ ಮೊದಲ ವಾರಗಳಲ್ಲಿ ಅವಳಿಗೆ ಊರಲು ಒಳ್ಳೇ ಕಾಲು ಅಂತ ಒಂದೂ ಇರಲಿಲ್ಲ. ಮಂಚದಿಂದ ಏಳಿಸೋದಕ್ಕೆ ಇಬ್ಬರು ಬೇಕಾಗುತ್ತಿತ್ತು. ಹೃದಯದ ತೊಂದರೆ ಇರುವವರಿಗೆ, ತುಂಬಾ ವಯಸ್ಸಾದವರಿಗೆ ಡಾಕ್ಟರುಗಳು ಒಟ್ಟಿಗೆ ಬೇಡ ಅನ್ನುವುದು ಇದಕ್ಕಲ್ಲ. ರಕ್ತ ಹೋಗುವುದು ಜಾಸ್ತಿ, ಮೈಮೇಲೆ ಬೀಳುವ ಹೊರೆಯೂ ಜಾಸ್ತಿ.

ಪ್ರಧಾನಿಯಾಗಿದ್ದಾಗ ವಾಜಪೇಯಿಯವರೂ ಒಂದೊಂದಾಗಿಯೇ ಮಾಡಿಸಿಕೊಂಡರು. 2000ರ ಅಕ್ಟೋಬರ್‌ನಲ್ಲಿ ಎಡ ಮಂಡಿ, 2001ರ ಜೂನ್‌ನಲ್ಲಿ ಬಲ ಮಂಡಿ, ಎರಡೂ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ. ಮಂಡಿಯನ್ನೂ ಬದಲಾಯಿಸಬಹುದು ಅಂತ ನಮ್ಮ ಬೀದಿಯವರೆಲ್ಲ ಮಾತಾಡಿಕೊಂಡಿದ್ದೇ ಆಗ. ಮನೆಯಲ್ಲಿ ಇಬ್ಬರೇ ಇರುವ ನಮ್ಮಂಥವರಿಗೆ ಒಂದೊಂದಾಗಿ ಮಾಡಿಸುವುದೇ ವಾಸಿ. ಕೈತುಂಬ ಜನ ಇದ್ದು, ಡಾಕ್ಟರೂ ಸರಿ ಅಂದರೆ ಅಕ್ಕನ ದಾರಿಯೂ ತಪ್ಪಲ್ಲ.

ಮಂಡಿಯೊಳಗೆ ಹಾಕುವ ಲೋಹದ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದರ ಬೆಲೆಗೆ ಮಿತಿ ಹಾಕಿತು. ಮಾಮೂಲಿ ಕೋಬಾಲ್ಟ್ ಕ್ರೋಮಿಯಂಗೆ 54,720 ರೂಪಾಯಿ, ಟೈಟಾನಿಯಂ, ಆಕ್ಸಿಡೈಸ್ಡ್ ಜಿರ್ಕೋನಿಯಂ ಥರದ್ದಕ್ಕೆ 76,600 ರೂಪಾಯಿ, ಜಿಎಸ್‌ಟಿ ಬೇರೆ. ಆಮೇಲೆ ಅಷ್ಟಿಷ್ಟು ಬದಲಾಗಿದೆ. ನನ್ನವು ಮಾಮೂಲಿಯವು, ಅಕ್ಕನದು ದುಬಾರಿಯದು. ಇಬ್ಬರ ನಡಿಗೆಯಲ್ಲಿ ನಮಗಂತೂ ವ್ಯತ್ಯಾಸ ಕಾಣಲಿಲ್ಲ. ಒಡವೆಯಿಂದ ಚರ್ಮ ಕೆರೆತ ಬರುವಂಥ ನಿಕಲ್ ಅಲರ್ಜಿ ಇದ್ದರೆ ಮಾತ್ರ ಮೊದಲೇ ಸರ್ಜನ್‌ಗೆ ಹೇಳಿ.

ತಯಾರಿ: ದುಡ್ಡಿನದೋ, ತೊಡೆಯದೋ

ಬಲಗಾಲಿನ ಸಲ ತಯಾರಿ ಅಂದರೆ ಇನ್ಶೂರೆನ್ಸ್ ಕಾಗದ, ರಕ್ತ ಪರೀಕ್ಷೆ, ಇಸಿಜಿ, ಎರಡು ಹೊಸ ನೈಟಿ. ಎಡಗಾಲಿನ ಸಲ ಅದರ ಜೊತೆಗೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮವನ್ನ ಮೊದಲೇ ಶುರು ಮಾಡಿದ್ದೆ. ದೊಡ್ಡದೇನಲ್ಲ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನ ಒತ್ತಿ ಐದು ಎಣಿಸುವುದು. ಕಾಲು ನೆಟ್ಟಗೆ ಇಟ್ಟುಕೊಂಡು ಮೇಲೆತ್ತುವುದು. ಎತ್ತರದ ಕುರ್ಚಿಯಿಂದ ಎದ್ದು ಕೂರುವುದು. ನೋವಿದ್ದಷ್ಟು ದಿನವೂ ತೊಡೆ ಮುಂದಿನ ಸ್ನಾಯು ಸೋತಿರುತ್ತದೆ. ಆಪರೇಷನ್ ಆದ ಮೇಲೆ ನಮ್ಮನ್ನ ಎಬ್ಬಿಸಿ ನಿಲ್ಲಿಸಬೇಕಾದದ್ದು ಅದೇ.

ವ್ಯತ್ಯಾಸ ಆಪರೇಷನ್ ಆದ ಮಾರನೇ ದಿನವೇ ಗೊತ್ತಾಯಿತು. ಮೊದಲ ಸಲ "ಕಾಲೆತ್ತಿ" ಅಂದಾಗ ಬಲಗಾಲು ನನ್ನದೇ ಅಲ್ಲವೇನೋ ಅನ್ನೋ ಹಾಗೆ ಹಾಸಿಗೆ ಮೇಲೆ ಬಿದ್ದಿತ್ತು. ಹಿಮ್ಮಡಿ ಹಿಡಿದು ನರ್ಸೇ ಎತ್ತಬೇಕಾಯಿತು. ಎರಡನೇ ಸಲ ಎಡಗಾಲು ನಡುಗುತ್ತಾ ಒಂದು ಗೇಣು ಮೇಲೆದ್ದಿತು. ನೋವು ಎರಡು ಸಲವೂ ಅಷ್ಟೇ. ಆದರೆ ಬಾತ್‌ರೂಮಿಗೆ ಒಬ್ಬಳೇ ಹೋಗೋದಕ್ಕೆ ಎಡಗಾಲಿನ ಸಲ ಬೇಗ ಧೈರ್ಯ ಬಂತು.

ಇನ್ನೊಂದು, ಹಲ್ಲು. ಹುಳುಕು ಹಲ್ಲು, ಒಸಡಿನ ಕೀವು ಇದ್ದರೆ ಮೊದಲೇ ತೋರಿಸಿಕೊಳ್ಳಿ. ಅಲ್ಲಿನ ಸೋಂಕು ರಕ್ತದಲ್ಲಿ ಸೇರಿ ಹೊಸ ಕೀಲಿಗೆ ಬರಬಹುದು. ಉರಿಮೂತ್ರವೂ ಅಷ್ಟೇ. ಶುಗರ್ ಹದಕ್ಕೆ ಬರದೆ ಒಳ್ಳೇ ಸರ್ಜನ್ ದಿನಾಂಕ ಕೊಡುವುದಿಲ್ಲ. ಕೊಟ್ಟರೆ ನೀವೇ ಯೋಚಿಸಿ.

ಕಮೋಡ್ ಚೇರ್ ಮತ್ತು ಎತ್ತರದ ಸೀಟು

ಇಂಡಿಯನ್ ಟಾಯ್ಲೆಟ್ ಆಪರೇಷನ್ ಆದ ಮಂಡಿಗೆ ಆಗಿಬರುವುದಿಲ್ಲ. ಕುಕ್ಕರಗಾಲಲ್ಲಿ ಕೂರೋದಕ್ಕೆ ಮಂಡಿ 130 ಡಿಗ್ರಿಗಿಂತ ಜಾಸ್ತಿ ಮಡಚಬೇಕು. ಮೊದಲ ಸಲ ನಮ್ಮ ಮನೆಯಲ್ಲಿದ್ದದ್ದು ಅದೊಂದೇ. ಹಾಗಾಗಿ ಬಕೆಟ್ ಇರುವ ಕಮೋಡ್ ಚೇರ್ ತಂದು ರೂಮಿನಲ್ಲೇ ಇಟ್ಟರು. ರಾತ್ರಿ ಹೊತ್ತು ಅನುಕೂಲ, ಸುಳ್ಳು ಹೇಳಬಾರದು. ಆದರೆ ಪ್ರತಿ ಸಲ ನಮ್ಮ ಯಜಮಾನರು ಬಕೆಟ್ ಎತ್ತಿಕೊಂಡು ಹೋಗುವಾಗ ನಾನು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಸಂಕೋಚಕ್ಕೆ ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದೆ. ಅದರಿಂದ ಮಲಬದ್ಧತೆ ಬೇರೆ.

ಎರಡನೇ ಸಲದ ಹೊತ್ತಿಗೆ ವೆಸ್ಟರ್ನ್ ಕಮೋಡ್ ಹಾಕಿಸಿ, ಅದರ ಮೇಲೆ ಕೂರಿಸುವ ಪ್ಲಾಸ್ಟಿಕ್ ಎತ್ತರದ ಸೀಟು ತಂದೆವು. ಸ್ಕ್ರೂ ಬಿಗಿಯಾಗದ ಸೀಟು ಒಂದು ಪಕ್ಕ ಜಾರುತ್ತೆ, ಜೀವ ಬಾಯಿಗೆ ಬರುತ್ತೆ. ಕೊನೆಗೆ ಗೆದ್ದದ್ದು ಹಳೇ ಕಮೋಡ್ ಚೇರೇ! ಬಕೆಟ್ ತೆಗೆದು ಚೇರನ್ನ ಕಮೋಡಿನ ಮೇಲೆ ನಿಲ್ಲಿಸಿದರೆ ಎತ್ತರವೂ ಸಿಗುತ್ತದೆ, ಹಿಡಿಯೋದಕ್ಕೆ ಎರಡು ಕೈಯೂ ಸಿಗುತ್ತವೆ. ಕೊಳ್ಳುವಾಗ ಕಾಲಿನ ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ, ಚಕ್ರ ಇಲ್ಲದ್ದನ್ನೇ ತಗೊಳ್ಳಿ.

ವಾಕರ್, ಕೋಲು

ಅಂಗಡಿಯವನು ಮುಂದೆ ಎರಡು ಚಕ್ರ ಇರುವ ವಾಕರ್ ತೋರಿಸಿ "ಅಮ್ಮಾ, ಇದು ಸ್ಮೂತಾಗ್ ಹೋಗುತ್ತೆ" ಅಂದ. ಹೋಗುತ್ತೆ, ಅವನ ಅಂಗಡಿಯ ಟೈಲ್ಸ್ ಮೇಲೆ. ನಮ್ಮ ಮನೆಯಲ್ಲಿ ಅಡುಗೆಮನೆಗೆ ಹೊಸಿಲು, ಹಿತ್ತಲಿಗೆ ಹೊಸಿಲು, ದೇವರ ಮನೆಗೆ ಇನ್ನೂ ಎತ್ತರದ ಹೊಸಿಲು. ಚಕ್ರ ಹೊಸಿಲಿಗೆ ಬಡಿದು ನಿಲ್ಲುತ್ತೆ, ನಾವು ಮುಂದಕ್ಕೆ ವಾಲುತ್ತೇವೆ. ಚಕ್ರ ಇಲ್ಲದ ಮಾಮೂಲಿ ಅಲ್ಯೂಮಿನಿಯಂ ವಾಕರ್ ಎತ್ತಿ ಇಟ್ಟು, ಎತ್ತಿ ಇಟ್ಟು ಹೋಗಬೇಕು. ನಿಧಾನ. ಆದರೆ ಹೊಸಿಲು ದಾಟಿಸುತ್ತದೆ. ಸಮತಟ್ಟು ನೆಲದ ಅಪಾರ್ಟ್‌ಮೆಂಟಿನಲ್ಲಿರುವವರು ಚಕ್ರದ್ದು ತಗೊಳ್ಳಿ, ನಡಿಗೆ ಕುಂಟದೆ ಸಲೀಸಾಗಿ ಬರುತ್ತದೆ.

ಯಾವುದೇ ಆಗಲಿ, ನಿಂತು ಕೈ ಇಳಿಬಿಟ್ಟಾಗ ಹಿಡಿ ನಿಮ್ಮ ಮಣಿಕಟ್ಟಿನ ಮಟ್ಟಕ್ಕಿರಲಿ. ಬಾಡಿಗೆಗೆ ತಂದ ವಾಕರ್ ಆದರೆ ಬಗ್ಗಿ ಕಾಲಿನ ರಬ್ಬರ್ ಬುಷ್ ನೋಡಿ. ನನಗೆ ಬಂದಿದ್ದರಲ್ಲಿ ಒಂದು ಬುಷ್ ಸವೆದು ಒಳಗಿನ ಪೈಪ್ ಕಾಣುತ್ತಿತ್ತು. ಒದ್ದೆ ಬಾತ್‌ರೂಮಿನಲ್ಲಿ ಅದೊಂದೇ ಸಾಕು, ಮತ್ತೆ ಆಸ್ಪತ್ರೆ ಸೇರೋದಕ್ಕೆ.

ವಾಕರ್ ಬಿಟ್ಟ ಮೇಲೆ ಒಂಟಿ ಕೋಲೋ ನಾಲ್ಕು ಕಾಲಿನ ಕೋಲೋ ಅನ್ನುವ ಪ್ರಶ್ನೆ. ಒಂಟಿ ಕೋಲು ಗೋಡೆಗೆ ಒರಗಿಸಿದರೆ ಜಾರಿ ಬೀಳುತ್ತದೆ, ಅದನ್ನ ಬಗ್ಗಿ ಎತ್ತೋದೇ ದೊಡ್ಡ ಕೆಲಸ. ನಾಲ್ಕು ಕಾಲಿನದು ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಆದರೆ ನಮ್ಮ ಮಹಡಿಯ ಸಣ್ಣ ಮೆಟ್ಟಿಲ ಮೇಲೆ ಅದರ ನಾಲ್ಕು ಕಾಲೂ ಕೂರುವುದಿಲ್ಲ. ಹಾಗಾಗಿ ಮನೆಯೊಳಗೆ ನಾಲ್ಕು ಕಾಲಿನದು, ಮೆಟ್ಟಿಲಿಗೆ ಕಂಬಿ ಮತ್ತು ಒಂಟಿ ಕೋಲು. ಕೋಲು ಹಿಡಿಯಬೇಕಾದ್ದು ಆಪರೇಷನ್ ಆದ ಕಾಲಿನ ಎದುರು ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ತಣ್ಣಗೆ ಮಾಡೋದು ಹೇಗೆ

ಊತ ಇಳಿಸೋದಕ್ಕೆ ನಾಲ್ಕು ಥರ ನೋಡಿದೆ. ಮೆಡಿಕಲ್ ಶಾಪಿನ ನೀಲಿ ಜೆಲ್ ಪ್ಯಾಕ್ ಫ್ರೀಜರಿನಲ್ಲಿ ಇಟ್ಟರೆ ಹಲಗೆಯ ಹಾಗೆ ಗಟ್ಟಿಯಾಗಿ, ಮಂಡಿ ಮೇಲೆ ಬಾಗದೆ ಕೂತಿತ್ತು. ಐಸ್ ತುಂಡು ಕವರಿಗೆ ಹಾಕಿದರೆ ಚೆನ್ನಾಗಿ ತಣ್ಣಗಾಗುತ್ತೆ, ಆದರೆ ಸೋರಿ ಬ್ಯಾಂಡೇಜ್ ಒದ್ದೆಯಾಗುವ ಭಯ. ಅಕ್ಕ ಬಾಡಿಗೆಗೆ ತಂದಿದ್ದ ಮೆಷಿನ್ ಕೂಡ ನೋಡಿದೆ, ತಣ್ಣೀರು ಮಂಡಿ ಸುತ್ತ ಪಟ್ಟಿಯೊಳಗೆ ಹರಿಯುತ್ತಿರುತ್ತದೆ. ಸುಖವೋ ಸುಖ. ಆದರೆ ಬಾಡಿಗೆ ಕೇಳಿದರೆ ಮೈ ಬಿಸಿ.

ನನಗೆ ಹಿಡಿಸಿದ್ದು ನಾಲ್ಕನೆಯದು, ಫ್ರೀಜರಿನಲ್ಲಿದ್ದ ಹಿತಕಿದ ಅವರೆಕಾಳಿನ ಪ್ಯಾಕೆಟ್. ಸೀಸನ್ನಿನಲ್ಲಿ ಹಿತಕಿ ಎತ್ತಿಟ್ಟದ್ದು. ಎರಡು ಜಿಪ್ ಕವರಿಗೆ ಹಾಕಿ, ಕಾಳು ಸ್ವಲ್ಪ ಬಿಡಿಬಿಡಿ ಆಗುವ ಹಾಗೆ ನೆಲಕ್ಕೆ ಒಮ್ಮೆ ತಟ್ಟಿ, ತೆಳು ಟವೆಲ್ ಸುತ್ತಿ ಮಂಡಿ ಮೇಲೆ ಇಟ್ಟರೆ ಚಿಪ್ಪಿನ ಎರಡು ಪಕ್ಕಕ್ಕೂ ಇಳಿದು ಕೂರುತ್ತೆ. ಹದಿನೈದು ಇಪ್ಪತ್ತು ನಿಮಿಷ ಸಾಕು. ಬರಿ ಚರ್ಮಕ್ಕೆ ಮಾತ್ರ ತಾಕಿಸಬೇಡಿ, ಗಾಯದ ಪಕ್ಕ ಜೋಮು ಇರುವುದರಿಂದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಆ ಕಾಳನ್ನ ಆಮೇಲೆ ಸಾರಿಗೆ ಹಾಕಬೇಡಿ ಅಂತ ಸೊಸೆ ಪ್ಯಾಕೆಟ್ ಮೇಲೆ ದೊಡ್ಡದಾಗಿ "ಕಾಲು" ಅಂತ ಬರೆದಿದ್ದಳು. ಯಜಮಾನರು ಅದನ್ನ "ಕಾಳು" ಅಂತ ತಿದ್ದಿದರು.

ನೋಡೋದಕ್ಕೆ ಬಂದವರಲ್ಲಿ ಅರ್ಧ ಜನ ಎಣ್ಣೆ ತಂದಿದ್ದರು. ಬಿಸಿ ಎಣ್ಣೆ ತಿಕ್ಕೋದು, ಬಿಸಿನೀರಿನ ಶಾಖ, ಎರಡೂ ಹೊಸ ಗಾಯಕ್ಕೆ ಬೇಡ ಅಂತ ಸರ್ಜನ್ ಖಡಾಖಂಡಿತ ಹೇಳಿದ್ದರು. ಬಾಟಲಿಗಳನ್ನ ಇಸಿದುಕೊಂಡು ಶೆಲ್ಫಿನಲ್ಲಿಟ್ಟೆ. ಯಜಮಾನರ ಬೆನ್ನಿಗೆ ಆದವು.

ಮೆಷಿನ್ನೋ, ನೆಲವೋ

ಮಲಗಿದ್ದ ಹಾಗೇ ಕಾಲನ್ನ ಮಡಚಿ ಚಾಚುವ ಸಿಪಿಎಂ ಅನ್ನೋ ಮೆಷಿನ್ ಇದೆ. ಮೊದಲ ಸಲ ಅದನ್ನ ಬಾಡಿಗೆಗೆ ತಂದಿದ್ದೆವು. ಮೋಟರ್ ಗುಂಯ್ ಅನ್ನುತ್ತೆ, ಕಾಲು ತಾನಾಗಿ ಮೇಲೆ ಕೆಳಗೆ ಹೋಗುತ್ತೆ, ನಿದ್ದೆ ಬರುತ್ತೆ. ಕೆಲಸ ಮೆಷಿನ್ನಿನದು, ಸ್ನಾಯುವಿನದಲ್ಲ. ಮಾಮೂಲಿ ವ್ಯಾಯಾಮಕ್ಕಿಂತ ಇದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ ಅಂತ ಸಂಶೋಧನೆಗಳೂ ಹೇಳಿವೆ.

ಎರಡನೇ ಸಲ ನಮ್ಮ ರೆಡ್ ಆಕ್ಸೈಡ್ ನೆಲವೇ ಮೆಷಿನ್ ಆಯಿತು. ಎತ್ತರದ ಕುರ್ಚಿಯಲ್ಲಿ ಕೂತು, ಕಾಲಿಗೆ ಕಾಲುಚೀಲ ಹಾಕಿ, ಪಾದವನ್ನ ನೆಲದ ಮೇಲೆ ಹಿಂದಕ್ಕೆ ಜಾರಿಸುವುದು. ಸಾಕಪ್ಪಾ ಅನ್ನಿಸಿದಲ್ಲಿ ನಿಲ್ಲಿಸಿ ಹತ್ತು ಎಣಿಸುವುದು, ಆಮೇಲೆ ಇನ್ನೊಂದು ಬೆರಳಿನಷ್ಟು. ಹೆಬ್ಬೆರಳು ಮುಟ್ಟಿದ ಕಡೆ ಯಜಮಾನರು ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದರು. ಗೆರೆ ದಿನಾ ಹಿಂದೆ ಸರಿಯೋದು ಕಂಡರೆ ಹುರುಪು. ಸಮತಟ್ಟಿನಲ್ಲಿ ನಡೆಯೋದಕ್ಕೆ ಎಪ್ಪತ್ತು ಡಿಗ್ರಿ ಸುಮಾರು ಸಾಕು. ಮೆಟ್ಟಿಲಿಗೆ ತೊಂಬತ್ತು, ತಗ್ಗಿನ ಕುರ್ಚಿಯಿಂದ ಏಳೋದಕ್ಕೆ ನೂರರ ಮೇಲೆ ಬೇಕು.

ಮಡಚೋದನ್ನೇ ಎಲ್ಲರೂ ಕೇಳುತ್ತಾರೆ, ಚಾಚೋದನ್ನ ಯಾರೂ ಕೇಳಲ್ಲ. ಕಾಲು ಪೂರ್ತಿ ನೆಟ್ಟಗಾಗದಿದ್ದರೆ ಕುಂಟು ಉಳಿದುಬಿಡುತ್ತದೆ. ಅಕ್ಕನ ಮನೆಯ ರಿಕ್ಲೈನರ್ ಕುರ್ಚಿ ನನಗೆ ಬೇಡ ಅನ್ನಿಸಿದ್ದು ಇದಕ್ಕೇ. ಅದರಲ್ಲಿ ಮಂಡಿ ಸದಾ ಸ್ವಲ್ಪ ಬಾಗಿರುತ್ತದೆ, ಏಳೋದೂ ಕಷ್ಟ. ಕೈ ಇರುವ ಗಟ್ಟಿ ಮರದ ಕುರ್ಚಿ, ಮೇಲೊಂದು ದಿಂಬು, ಅಷ್ಟೇ. ಮಲಗುವಾಗ ಮಂಡಿ ಕೆಳಗೆ ದಿಂಬು ಹಿತ ಅನ್ನಿಸುತ್ತೆ, ಇಡಬೇಡಿ. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿ ತಾನಾಗಿ ಕೆಳಗಿಳಿಯಲು ಬಿಡಿ. ಹಿತವಲ್ಲ, ಆದರೆ ಕೆಲಸ ಮಾಡುತ್ತೆ.

ಫಿಸಿಯೋ ಮನೆಗೆ ಬರೋದೋ, ನಾವು ಸೆಂಟರಿಗೆ ಹೋಗೋದೋ? ಗಾಯಕ್ಕೆ ಹೊಲಿಗೆಯ ಹಾಗೆ ಹಾಕಿರುವ ಪಿನ್ ತೆಗೆಯುವವರೆಗೆ ಮನೆಗೇ ಬರಲಿ. ನಮ್ಮ ಫಿಸಿಯೋ ಹುಡುಗ ಬಂದವನೇ ನಮ್ಮ ಹೊಸಿಲು, ನಮ್ಮ ಮಂಚ, ನಮ್ಮ ಮೆಟ್ಟಿಲ ಮೇಲೆ ಅಭ್ಯಾಸ ಮಾಡಿಸಿದ. "ಅಮ್ಮಾ, ಇನ್ನೊಂದ್ಸಲ, ಇದೇ ಕೊನೇದು" ಅನ್ನೋನು. ಅದು ಯಾವತ್ತೂ ಕೊನೇದಾಗಿರಲಿಲ್ಲ. ಆಮೇಲೆ ಸೆಂಟರ್ ಒಳ್ಳೇದು. ಅಲ್ಲಿ ಸೈಕಲ್ ಇರುತ್ತೆ, ಜೊತೆಗೆ ನಮ್ಮಂಥವರೇ ನಾಲ್ಕು ಜನ ಸಿಗುತ್ತಾರೆ. ಪಕ್ಕದ ಹೆಂಗಸು ಪೆಡಲ್ ಪೂರ್ತಿ ಸುತ್ತಿಸೋದನ್ನ ನೋಡಿದ ಮೇಲೆ ನನಗೂ ಛಲ ಬಂತು. ವಿಡಿಯೋ ಕಾಲ್ ಫಿಸಿಯೋ ನನಗೆ ಹಿಡಿಸಲಿಲ್ಲ, ಫೋನ್ ಹಿಡಿಯೋದಕ್ಕೇ ಒಬ್ಬರು ಬೇಕು.

ನೋವಿನ ಮಾತ್ರೆ ಮೊದಲ ಸಲ ತಡೆಯಲಾಗದೆ ಇದ್ದಾಗ ನುಂಗುತ್ತಿದ್ದೆ. ಎರಡನೇ ಸಲ ಡಾಕ್ಟರ್ ಬರೆದ ಹೊತ್ತಿಗೇ, ಅದೂ ಫಿಸಿಯೋ ಬರುವ ಅರ್ಧ ಮುಕ್ಕಾಲು ಗಂಟೆ ಮುಂಚೆ. ಎರಡನೆಯದೇ ಸರಿ, ಇಲ್ಲಿ ಚರ್ಚೆಯೇ ಇಲ್ಲ. ಆದರೆ ಮೀನಖಂಡ ಊದಿ ನೋವಾದರೆ, ಗಾಯದಲ್ಲಿ ಕೀವು, ಜ್ವರ ಬಂದರೆ ಫಿಸಿಯೋಗಲ್ಲ, ಸರ್ಜನ್‌ಗೆ ಫೋನ್ ಮಾಡಿ. ಉಸಿರು ಕಟ್ಟಿದ ಹಾಗೆ ಆದರೆ ಫೋನೂ ಬೇಡ, ನೇರ ಆಸ್ಪತ್ರೆಗೆ. ಮಂಡಿ ಮುಟ್ಟಿದರೆ ಬೆಚ್ಚಗಿರೋದು, ನಡೆಯುವಾಗ ಟಕ್ ಅನ್ನೋದು, ಗಾಯದ ಹೊರಪಕ್ಕ ಜೋಮು ಇವೆಲ್ಲ ತಿಂಗಳುಗಟ್ಟಲೆ ಇರುತ್ತವೆ. ಎರಡು ಕಾಲಿನಲ್ಲೂ ಇದ್ದವು.

ಓಡಾಟ

ಚೆಕಪ್‌ಗೆ ಹೋಗೋದಕ್ಕೆ ಆಟೋ, ಕಾರು ಎರಡೂ ನೋಡಿದೆ. ಆಟೋದಲ್ಲಿ ಮುಂದೆ ಕಾಲು ಚಾಚೋದಕ್ಕೆ ಜಾಗ ಇಲ್ಲ, ಪ್ರತಿ ಹಂಪಿಗೂ ಮಂಡಿ ಕಂಬಿಗೆ ತಾಕುತ್ತೆ. ಕಾರಿನ ಮುಂದಿನ ಸೀಟು ಪೂರ್ತಿ ಹಿಂದೆ ತಳ್ಳಿ, ಸೀಟಿನ ಮೇಲೊಂದು ಪ್ಲಾಸ್ಟಿಕ್ ಕವರ್ ಹಾಸಿ, ಮೊದಲು ಕೂತು ಆಮೇಲೆ ಎರಡೂ ಕಾಲನ್ನ ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬೇಕು. ಕವರ್ ಇದ್ದರೆ ಮೈ ಸಲೀಸಾಗಿ ತಿರುಗುತ್ತೆ. ಕೂತಾದ ಮೇಲೆ ಕವರ್ ಎಳೆದು ತೆಗೆದುಬಿಡಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರುತ್ತೀರಿ. ಸಿಟಿ ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ತುಂಬಾ ಎತ್ತರ. ಅದಕ್ಕೆ ಮೂರು ತಿಂಗಳಾದರೂ ಕಾಯಿರಿ.