ಇಬ್ಬರ ಊಟಕ್ಕೆ ನೂಡಲ್ಸ್: ಅಕ್ಕಿಯದೋ, ಹಕ್ಕಾನೋ?

ಮೊದಲೇ ಹೇಳಿಬಿಡುತ್ತೇನೆ. ಒಬ್ಬರಿಗೋ ಇಬ್ಬರಿಗೋ ರಾತ್ರಿ ಊಟಕ್ಕೆ ತರಕಾರಿ ಹಾಕಿ ನೂಡಲ್ಸ್ ಹುರಿಯಬೇಕು ಅಂದರೆ, ಕಿರಾಣಿ ಅಂಗಡಿಯಲ್ಲಿ ಸಿಗುವ, ಮೈದಾದಿಂದ ಮಾಡಿದ ಒಣ ಹಕ್ಕಾ ನೂಡಲ್ಸೇ ತಗೊಳ್ಳಿ. ಮೈದಾ ಬೇಡ, ಅಕ್ಕಿಯದು ತಿನ್ನು ಅಂತ ಅಕ್ಕ ಹೇಳಿದ್ದಕ್ಕೆ ಅಕ್ಕಿ ನೂಡಲ್ಸ್‌ನ ದೊಡ್ಡ ಪ್ಯಾಕೆಟ್ ತಂದಿದ್ದೆ. ಅದನ್ನು ಖಾಲಿ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ರುಚಿ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಅಂಟಿನಲ್ಲಿ. ಕುದಿಯುವ ನೀರಲ್ಲಿ ಬೇಯಿಸಿ, ಬಸಿದು, ಹುರಿಯಿರಿ ಅಂತ ಪ್ಯಾಕೆಟ್ ಮೇಲೆ ಬರೆದಿತ್ತು. ಹಾಗೇ ಮಾಡಿದೆ. ಬಸಿದ ಕೂಡಲೇ ಎಳೆಗಳೆಲ್ಲ ಬಿಡಿಬಿಡಿಯಾಗಿ ಹೊಳೆಯುತ್ತಿದ್ದವು. ಕೋಸು, ಕ್ಯಾರೆಟ್ ಹೆಚ್ಚಿ ತಿರುಗಿ ನೋಡಿದರೆ ಒಂದೇ ಮುದ್ದೆ. ಬಾಣಲೆಗೆ ಹಾಕಿ ಸೌಟಿನಲ್ಲಿ ಬಿಡಿಸಲು ಹೋದರೆ ಎಳೆ ತುಂಡಾಗುತ್ತದೆ. ತಳ ಹಿಡಿಯುತ್ತದೆ. ಸೋಯಾ ಸಾಸ್ ಮೇಲ್ಮೇಲೆ ಮಾತ್ರ ಹತ್ತಿ, ಒಳಗೆಲ್ಲ ಬೆಳ್ಳಗೆ, ಸಪ್ಪೆ.

ಇದಕ್ಕೆ ಕಾರಣ ಇದೆ. ಗೋಧಿ ಹಿಟ್ಟಿನಲ್ಲಿ ಗ್ಲುಟನ್ ಅನ್ನುವ ಜಿಗುಟು ಪ್ರೋಟೀನ್ ಇರುವುದರಿಂದ ಎಳೆಗೆ ಬಿಗಿ ಬರುತ್ತದೆ. ಅಕ್ಕಿಯಲ್ಲಿ ಅದಿಲ್ಲ, ಬರೀ ಪಿಷ್ಟದ ಬಲದ ಮೇಲೆ ಎಳೆ ನಿಂತಿರುತ್ತದೆ. ಜಾಸ್ತಿ ಕುದಿಸಿದರೆ ಆ ಪಿಷ್ಟವೇ ಮೇಲೆ ಬಂದು ಗಂಜಿಯ ಹಾಗೆ ಅಂಟುತ್ತದೆ. ಹುರಿಯುವ ಅಡುಗೆಗೆ ಇದನ್ನು ಕುದಿಸಲೇಬಾರದು. ಥಾಯ್ಲೆಂಡಿನ ಹುರಿದ ನೂಡಲ್ಸ್ ಆದ ಪ್ಯಾಡ್ ಥಾಯ್ ಮಾಡುವವರು ಅಗಲದ ಅಕ್ಕಿ ನೂಡಲ್ಸನ್ನು ನೀರಲ್ಲಿ ನೆನೆಸಿ, ಮಿಕ್ಕ ಬೇಯುವಿಕೆಯನ್ನು ಬಾಣಲೆಗೆ ಬಿಡುತ್ತಾರೆ. ನಾನೂ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿದೆ. ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಬೇಕು, ಹಲ್ಲಿಗೆ ಮಾತ್ರ ಇನ್ನೂ ಗಟ್ಟಿ ಸಿಗಬೇಕು. ಆಮೇಲೆ ಬಾಣಲೆಯಲ್ಲಿ ಚೂರುಚೂರು ನೀರು ಚಿಮುಕಿಸುತ್ತಾ ಹುರಿದಾಗ ನಿಜಕ್ಕೂ ಚೆನ್ನಾಗಿ ಬಂತು.

ಆದರೆ ಹಸಿದು ಮನೆಗೆ ಬಂದ ಹೊತ್ತಲ್ಲಿ ಮೊದಲು ನೆನೆಹಾಕಿ ಕಾಯುವುದು ನನ್ನ ಕೈಲಾಗುವುದಿಲ್ಲ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆಗೆ ಕಡ್ಡಿಯಂತಾಗಿರುತ್ತದೆ, ಡಬ್ಬಿಗೆ ಹಾಕಿಕೊಂಡು ಹೋಗಲೂ ಆಗುವುದಿಲ್ಲ. ನಮ್ಮ ಅಂಗಡಿಯಲ್ಲಿ ಬೆಲೆಯೂ ಅಷ್ಟೇ ತೂಕದ ಹಕ್ಕಾಗಿಂತ ಎರಡು ಪಟ್ಟಿಗೂ ಜಾಸ್ತಿ. ಗೋಧಿ ಆಗದವರಿಗೆ ಮಾತ್ರ ಇದೇ ಸರಿ. ಅವರು ಸೋಯಾ ಸಾಸ್ ಬಾಟಲಿಯನ್ನೂ ಓದಿಕೊಳ್ಳಲಿ, ಸಾಮಾನ್ಯವಾಗಿ ಅದರಲ್ಲೂ ಗೋಧಿ ಇರುತ್ತದೆ.

ಎರಡು ನಿಮಿಷದ ನೂಡಲ್ಸ್ ಅಗ್ಗ, ನಿಜ. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ತಂದ ದಾರಿಯಲ್ಲೇ ಇವತ್ತಿಗೂ ಹೆಚ್ಚಿನವನ್ನು ಎಣ್ಣೆಯಲ್ಲಿ ಕರಿದೇ ಒಣಗಿಸುತ್ತಾರೆ. ಕರಿದಾಗ ಆಗುವ ಸಣ್ಣ ತೂತುಗಳಿಂದಾಗಿ ನೀರು ಬೇಗ ಎಳೆದುಕೊಳ್ಳುತ್ತದೆ. ಹುರಿಯುವಾಗ ಅದೇ ಕಷ್ಟ: ತರಕಾರಿ ಬಿಟ್ಟ ನೀರನ್ನೂ ಕುಡಿದು ಮೆತ್ತಗಾಗುತ್ತದೆ. ಸಾರಿನ ಹಾಗೆ ಮಾಡಿ ತಿನ್ನಲು ಅದು ಚೆಂದ, ಬಾಣಲೆಗಲ್ಲ.

ನಮ್ಮ ಅಕ್ಕಿ ಶಾವಿಗೆಯನ್ನೇ ಹೀಗೆ ಹುರಿಯಬಹುದಲ್ಲ ಅಂದರೆ, ಅದಕ್ಕೆ ನಿಂಬೆಹಣ್ಣು, ಸಾಸಿವೆ ಒಗ್ಗರಣೆಯೇ ಸರಿ. ಸೋಯಾ ಸಾಸ್ ಹೊಂದುವುದಿಲ್ಲ.

ಈಗ ಹಕ್ಕಾಗೆ ಬರೋಣ. ಕೋಲ್ಕತ್ತದಲ್ಲಿ ನೆಲೆಸಿದ ಹಕ್ಕಾ ಚೀನೀಯರಿಂದ ಈ ಹೆಸರು ಬಂದಿದೆ. ನಮ್ಮೂರ ಗೋಬಿ ಮಂಚೂರಿ ಗಾಡಿಯವರೆಗೂ ಬಂದಿರುವುದು ಆ ಅಡುಗೆಯೇ. 150 ಗ್ರಾಂ ಪ್ಯಾಕೆಟ್, ತರಕಾರಿ ಧಾರಾಳವಾಗಿ ಹಾಕಿದರೆ ಇಬ್ಬರಿಗೆ ಹೊಟ್ಟೆ ತುಂಬುತ್ತದೆ. ಒಬ್ಬರೇ ಇದ್ದರೆ ಅರ್ಧ ಬೇಯಿಸಿ ಮಿಕ್ಕಿದ್ದನ್ನು ಹಾಗೇ ಕಟ್ಟಿಡಬಹುದು. ಜಾಸ್ತಿ ನೀರು ಕುದಿಸಿ ಹಾಕಿ. ಒಂದು ಎಳೆ ತೆಗೆದು ಉಗುರಲ್ಲಿ ಕತ್ತರಿಸಿ ನೋಡಿ: ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಉಳಿದಿರುವಾಗಲೇ ಬಸಿಯಿರಿ. ತಣ್ಣೀರು ಸುರಿದು, ಒಂದು ಚಮಚ ಎಣ್ಣೆ ಸವರಿ, ಅಗಲ ತಟ್ಟೆಯಲ್ಲಿ ಹರಡಿ. ತರಕಾರಿ ಹೆಚ್ಚುವವರೆಗೂ ಬಿಡಿಬಿಡಿಯಾಗಿಯೇ ಇರುತ್ತದೆ. ಆಮೇಲೆ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಿಸಿ, ದೊಡ್ಡ ಉರಿಯಲ್ಲಿ ಬೆಳ್ಳುಳ್ಳಿ, ಕೋಸು, ಕ್ಯಾಪ್ಸಿಕಂ, ನೂಡಲ್ಸ್. ಸಾಸ್ ಬಾಣಲೆಯ ಅಂಚಿಗೆ ಸುರಿದರೆ ಚುರ್ ಅಂದು ಘಮ ಬರುತ್ತದೆ. ವಿನೆಗರ್ ಕೊನೆಗೆ.

ಮನೆಯ ಗ್ಯಾಸಿಗೆ ಹೋಟೆಲ್ ಒಲೆಯಷ್ಟು ಉರಿ ಇರುವುದಿಲ್ಲ. ನಾಲ್ಕು ಜನರಿಗೆ ಒಟ್ಟಿಗೆ ಹಾಕಿದರೆ ಬಾಣಲೆ ತಣ್ಣಗಾಗಿ ತರಕಾರಿ ನೀರು ಬಿಡುತ್ತದೆ, ಎಲ್ಲಾ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಇಬ್ಬರ ಅಳತೆಯೇ ಈ ಅಡುಗೆಗೆ ಹೇಳಿ ಮಾಡಿಸಿದ್ದು.

ಮೈದಾ ಅನ್ನುವ ಅಕ್ಕನ ಮಾತು ಸುಳ್ಳಲ್ಲ. ಅದಕ್ಕೇ ನೂಡಲ್ಸ್‌ನಷ್ಟೇ ತರಕಾರಿ, ಮೇಲೆ ಎರಡು ಮೊಟ್ಟೆ ಹಾಕುತ್ತೇನೆ. ಸೋಯಾ ಸಾಸ್‌ನಲ್ಲೇ ಉಪ್ಪು ಬೇಕಾದಷ್ಟಿರುವುದರಿಂದ ಬೇರೆ ಉಪ್ಪು ಹಾಕುವುದಿಲ್ಲ. ಅಕ್ಕ ಊಟಕ್ಕೆ ಬರುವ ಭಾನುವಾರ ಮಾತ್ರ ಅಕ್ಕಿಯದನ್ನು ಮುಂಚೆಯೇ ನೆನೆಹಾಕುತ್ತೇನೆ, ವಾರದ ಮಿಕ್ಕ ದಿನಕ್ಕೆ ಹಕ್ಕಾನೇ ತರುತ್ತೇನೆ.