ಹಳೇ ಸೆಂಟ್ರಲ್ ಜೈಲಿನ ವಾಕ್: ಎಲ್ಲರ ಹೆಸರೂ ಬಂತು, ಸ್ನೇಹಲತಾ ಹೆಸರು ಬರಲಿಲ್ಲ

ಹೋದ ಶನಿವಾರ ಅಮ್ಮನ ಜೊತೆ ಬೆಂಗಳೂರಿನಲ್ಲಿ ಒಂದು ಹೆರಿಟೇಜ್ ವಾಕ್‌ಗೆ ಹೋಗಿದ್ದೆ. ತಲೆಗೆ 600 ರೂಪಾಯಿ. ಬೆಳಿಗ್ಗೆ ಏಳಕ್ಕೆ ಶುರು, ಕೊನೆಗೆ ತಿಂಡಿ. ನಡೆಸುವವರ ಹೆಸರು ಇಲ್ಲಿ ಹಾಕುವುದಿಲ್ಲ, ಅವರಿಗೇ ಮೇಲ್ ಮಾಡಿದ್ದೇನೆ. ಇಂಥ ವಾಕ್ ಬುಕ್ ಮಾಡುವವರಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಗೈಡ್ ಒಳ್ಳೇ ಹುಡುಗ. ಅಮ್ಮನಿಗೆ ಆಸ್ತಮಾ, ನಾಲ್ಕು ಹೆಜ್ಜೆ ಬೇಗ ಹಾಕಿದರೆ ಏದುಸಿರು ಬರುತ್ತದೆ. ಅವನು ಪ್ರತಿ ಸಲವೂ ನಿಂತು, ಕಾದು, ಆಮೇಲೆ ಮಾತು ಶುರು ಮಾಡುತ್ತಿದ್ದ. ಗುಂಪೂ ಚಿಕ್ಕದು, ಹನ್ನೆರಡೇ ಜನ. ತಿಂಡಿಯೂ ಚೆನ್ನಾಗಿತ್ತು.

ಕೊನೆಯ ಜಾಗ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್. 2008ರಲ್ಲಿ ಪಾರ್ಕ್ ಆಯಿತು, ಅದಕ್ಕೆ ಮೊದಲು ಸೆಂಟ್ರಲ್ ಜೈಲು. ನಡುವಿನ ಕಾವಲು ಗೋಪುರದ ಹತ್ತಿರ ನಿಂತು ಎಮರ್ಜೆನ್ಸಿ ಕಥೆ ಹೇಳಿದ. 1975ರ ಜೂನ್ 26ಕ್ಕೆ ಬೆಂಗಳೂರಿನಲ್ಲೇ ಅರೆಸ್ಟ್ ಆದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಎಲ್ಲರ ಹೆಸರೂ ಬಂತು. ಆಮೇಲೆ ಗ್ರೂಪ್ ಫೋಟೋ ಅಂದ.

ಅಮ್ಮ ಕಾಯುತ್ತಲೇ ಇದ್ದರು. ಕೊನೆಗೆ ತಡೆಯಲಾರದೆ ಕೇಳಿದರು. "ಏನಪ್ಪಾ, ಸ್ನೇಹಲತಾ ವಿಷಯ ಹೇಳಲೇ ಇಲ್ವಲ್ಲ?"

"ಯಾರಮ್ಮ ಅವರು?" ಅಂದ.

ನನಗೆ ಹೊಟ್ಟೆ ಉರಿಯಿತು. ಹುಡುಗನ ಮೇಲಲ್ಲ, ಅವನ ಕೈಗೆ ಆ ಸ್ಕ್ರಿಪ್ಟ್ ಕೊಟ್ಟವರ ಮೇಲೆ. ಇದೇ ಜೈಲಿನಲ್ಲಿ ಎಂಟು ತಿಂಗಳು ನರಳಿದ ಹೆಂಗಸು ಅವರು. ಸ್ನೇಹಲತಾ ರೆಡ್ಡಿ, ಸಂಸ್ಕಾರ ಸಿನಿಮಾದಲ್ಲಿ ಚಂದ್ರಿ ಪಾತ್ರ ಮಾಡಿದ ನಟಿ. ಎಮರ್ಜೆನ್ಸಿ ವಿರೋಧಿಸಿ ತಲೆಮರೆಸಿಕೊಂಡಿದ್ದ ನಾಯಕ ಜಾರ್ಜ್ ಫರ್ನಾಂಡಿಸ್ ಸ್ನೇಹಿತೆ ಅಂತ 1976ರ ಮೇ ತಿಂಗಳಲ್ಲಿ ಹಿಡಿದರು. ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಮಾಡಿದ ಬರೋಡಾ ಡೈನಮೈಟ್ ಕೇಸ್ ಅಂದರು. ಕೊನೆಗೆ ಚಾರ್ಜ್‌ಶೀಟ್‌ನಲ್ಲಿ ಅವರ ಹೆಸರೇ ಇರಲಿಲ್ಲ! ಆದರೂ ಬಿಡಲಿಲ್ಲ, ಮೀಸಾ ಕಾಯ್ದೆ ಇತ್ತಲ್ಲ, ವಿಚಾರಣೆ ಇಲ್ಲದೆ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ಒಬ್ಬರಿಗೆ ಸಾಕಾಗುವ ಪುಟ್ಟ ಸೆಲ್, ಮಲಗಲು ಬರೀ ನೆಲ, ಶೌಚಕ್ಕೆ ಮೂಲೆಯಲ್ಲಿ ಒಂದು ತೂತು. ಮೊದಲೇ ಜೋರಾದ ಆಸ್ತಮಾ ಇದ್ದವರು, ಸರಿಯಾದ ಔಷಧಿಯೂ ಸಿಗಲಿಲ್ಲ. ರಾತ್ರಿ ಎಲ್ಲ ಸದ್ದಡಗಿದ ಮೇಲೆ ಅವರ ಚೀರಾಟ ಕೇಳುತ್ತಿತ್ತು ಅಂತ ದಂಡವತೆ ಆಮೇಲೆ ಬರೆದಿದ್ದಾರೆ. ಗೈಡ್ ಹೇಳಿದ ಹೆಸರುಗಳಲ್ಲಿ ಅವರೂ ಒಬ್ಬರು, ಅಲ್ವಾ?

ಅಂಥ ಸ್ಥಿತಿಯಲ್ಲೂ ಬೇರೆ ಹೆಣ್ಣು ಖೈದಿಗಳನ್ನು ಹೊಡೆಯಬಾರದು, ಅವರಿಗೆ ಸರಿಯಾದ ಊಟ ಕೊಡಬೇಕು ಅಂತ ಜಗಳ ಆಡಿದವರು ಅವರು. ಡೈರಿಯನ್ನೂ ಬರೆದಿಟ್ಟರು. ತೀರಾ ಹದಗೆಟ್ಟ ಮೇಲೆ 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಕಳಿಸಿದರು. 18ಕ್ಕೆ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ಕ್ಕೆ ಸ್ನೇಹಲತಾ ತೀರಿಹೋದರು.

ಇದನ್ನೆಲ್ಲ ಅಲ್ಲಿ ನಿಂತು ಹೇಳಿದ್ದು ಅಮ್ಮ. ಮಧ್ಯದಲ್ಲಿ ಉಸಿರು ಕಟ್ಟಿತು. ಬ್ಯಾಗ್ ತಡಕಾಡಿ ಇನ್ಹೇಲರ್ ತೆಗೆದು, ಎರಡು ಸಲ ಎಳೆದು, ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಯಾರೂ ಮಾತಾಡಲಿಲ್ಲ. ಆ ಬ್ಯಾಗ್ ಬೇರೆಯವರ ಕೈಯಲ್ಲಿದ್ದು, ಬಾಗಿಲಿಗೆ ಬೀಗ ಇದ್ದಿದ್ದರೆ ಅನ್ನಿಸಿ ನನ್ನ ಕೈ ತಣ್ಣಗಾಯಿತು.

ಗೈಡ್ ಹುಡುಗ ಹೆಸರನ್ನು ಕನ್ನಡದಲ್ಲೇ ಫೋನಲ್ಲಿ ಬರೆದುಕೊಂಡ. ಸರಿಯಾಗಿದೆಯಾ ಅಂತ ಅಮ್ಮನಿಗೆ ತೋರಿಸಿದ. ಅದಕ್ಕೆ ಅವನಿಗೆ ಪೂರ್ತಿ ಐದು ಸ್ಟಾರ್.

ವಾಕ್‌ಗೆ ಮಾತ್ರ ಎರಡೇ. ದುಡ್ಡು ತೆಗೆದುಕೊಂಡು ಆ ಜೈಲು ತೋರಿಸುವವರು ಅಲ್ಲಿ ಉಸಿರಿಗೆ ಒದ್ದಾಡಿದವರ ಹೆಸರು ಬಿಡುವುದು ಸಣ್ಣ ತಪ್ಪಲ್ಲ. ನನ್ನ ಮೇಲ್‌ಗೆ ಇನ್ನೂ ಉತ್ತರ ಇಲ್ಲ. ಇಂಥ ವಾಕ್‌ಗೆ ನೀವು ಹೋದರೆ ಅವರ ಬಗ್ಗೆ ಕೇಳಿ, ಸುಮ್ನೆ ಬರಬೇಡಿ. ಇವರು ಸ್ಕ್ರಿಪ್ಟ್ ಬದಲಿಸಿದರೆ ನಾನೂ ಸ್ಟಾರ್ ಬದಲಿಸುತ್ತೇನೆ.